ಅಡಿಕೆ ಗುಂಪಿನ ಪ್ರೊಫೈಲ್‌ನಲ್ಲಿ ಏನು ಬರೀಬೇಕು?

ಹೊಸ ಸದಸ್ಯ, ಸಾಗರ:
ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುತ್ತಲ್ಲ, ಆ ಕೊಳೆರೋಗದ ಬಗ್ಗೆ ಗುಂಪಲ್ಲಿ ಕೇಳಿದರೆ "ಮೊದಲು ಪ್ರೊಫೈಲ್ ತುಂಬಿ" ಅಂತಾರೆ. ಹೆಸರು, ಫೋಟೋ ಹಾಕಿದ್ದೇನೆ. ಫೋನ್ ನಂಬರ್, ಸರ್ವೆ ನಂಬರೂ ಕೊಡಬೇಕಾ?

ತೀರ್ಥಹಳ್ಳಿ ಬೆಳೆಗಾರ:
ಎರಡೂ ಬೇಡ ಮಾರಾಯ್ರೆ. ಬೇಕಿರೋದು ಊರು, ಯಾಕಂದ್ರೆ ಔಷಧಿ ಎಷ್ಟು ಸಲ ಅನ್ನೋದು ಅಲ್ಲಿನ ಮಳೆ ಮೇಲೆ ಹೋಗುತ್ತೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ, ಇದೇ ಜಿಲ್ಲೆಯ ಶಿಕಾರಿಪುರದಲ್ಲಿ ಅದರ ಕಾಲು ಭಾಗವೂ ಇಲ್ಲ. ಕೊಳೆರೋಗಕ್ಕೆ ಹೊಡೆಯೋ ಶೇ. 1ರ ಬೋರ್ಡೋ ದ್ರಾವಣದ ಅಳತೆ ಎಲ್ಲರಿಗೂ ಒಂದೇ: 1 ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಮಳೆಗಾಲ ಹಿಡಿಯೋ ಮೊದಲು ಒಂದು ಸಲ ಹೊಡೀಬೇಕು, 40–45 ದಿನ ಬಿಟ್ಟು ಮತ್ತೊಂದು. ಮೂರನೇ ಸಲ ಬೇಕಾ ಅನ್ನೋದನ್ನ ಊರು ಗೊತ್ತಿಲ್ಲದೆ ಹೇಳೋಕಾಗಲ್ಲ.

ಹೊಸನಗರದ ಸದಸ್ಯ:
ಹೀಗೆ ಬರೆದರೆ ಸಾಕು: "ಸಾಗರ ತಾಲ್ಲೂಕು, 2 ಎಕರೆ, ತೀರ್ಥಹಳ್ಳಿ ಲೋಕಲ್ ತಳಿ, 15 ವರ್ಷದ ಮರ, ತಗ್ಗಿನ ತೋಟ, ಬಸಿಗಾಲುವೆ ಇದೆ." ತಗ್ಗು ಅಂದ ಕೂಡಲೇ ನೀರು ನಿಲ್ಲುತ್ತಾ ಅಂತ ನಾವು ಮೊದಲು ಕೇಳ್ತೇವೆ. ಈ ವರ್ಷ ಯಾವಾಗ ಔಷಧಿ ಹೊಡೆದಿರಿ ಅನ್ನೋದು ಪ್ರೊಫೈಲ್‌ಗಲ್ಲ, ಪ್ರಶ್ನೆಯಲ್ಲೇ ಬರಲಿ. ಇಲ್ಲದಿದ್ದರೆ ಮುಂದಿನ ವರ್ಷ ಹಳೇ ತಾರೀಕು ನೋಡಿ ಉತ್ತರ ಕೊಡ್ತಾರೆ.

ಕೊಪ್ಪದ ಸದಸ್ಯ:
ಉತ್ತರ ಕೊಡುವವರ ಪ್ರೊಫೈಲೂ ಓದಿ. ಔಷಧಿ ಅಂಗಡಿ, ಸಸಿ ನರ್ಸರಿ ಇದ್ದವರು ಅದನ್ನ ಬರೆಯಲೇಬೇಕು. ಅವರ ಸಲಹೆ ತಪ್ಪು ಅಂತಲ್ಲ, ಆದರೆ ಯಾವ ಬ್ರಾಂಡ್ ಯಾಕೆ ಹೇಳ್ತಿದ್ದಾರೆ ಅಂತ ಕೇಳುವವರಿಗೆ ಗೊತ್ತಿರಬೇಕು.

ಹೊಸ ಸದಸ್ಯ, ಸಾಗರ:
ಪ್ರೊಫೈಲ್‌ನಿಂದ ಫೋಟೋ ತೆಗೆದುಹಾಕಿ ಊರು, ತಳಿ, ಮಣ್ಣು ಯಾವುದು ಅಂತ ಬರೆದೆ. ದ್ರಾವಣ ಸರಿಯಾಗಿದೆ ಅಂತ ತಿಳಿಯೋದು ಹೇಗೆ?

ತೀರ್ಥಹಳ್ಳಿ ಬೆಳೆಗಾರ:
ಉಜ್ಜಿದ ಕಬ್ಬಿಣದ ಕತ್ತಿ ಅದ್ದಿ ನೋಡಿ. ಕೆಂಪಗೆ ತಾಮ್ರ ಹತ್ತಿದರೆ ಸುಣ್ಣ ಸಾಲದು, ಸ್ವಲ್ಪ ಸೇರಿಸಿ.