ಗೂಗಲ್, ಓಟಿಪಿ, ಪಾಸ್‌ವರ್ಡ್ ಮೂರೂ ಇಟ್ರೆ ಒಬ್ರಿಗೇ ಎರಡೆರಡು ಅಕೌಂಟ್ ಆಗ್ತಿದೆ, ಏನ್ಮಾಡೋದು?

ಪ್ರಶ್ನೆ: ಎಲ್ರಿಗೂ ನಮಸ್ಕಾರ. ನಾನೂ ನನ್ನ ಫ್ರೆಂಡೂ ಸೇರಿ ಕೆಪಿಎಸ್‌ಸಿಗೆ ಓದೋರಿಗೆ ಒಂದು ಮಾಕ್ ಟೆಸ್ಟ್ ವೆಬ್‌ಸೈಟ್ ಮಾಡಿದೀವಿ, ವೆಬ್‌ಸೈಟ್ ಕಟ್ಟೋಕೆ ಬಳಸೋ ಜಾಂಗೋ ಅನ್ನೋ ಸಾಫ್ಟ್‌ವೇರ್‌ನಲ್ಲಿ. ಮೊದಲು ಇಮೇಲ್ ಪಾಸ್‌ವರ್ಡ್ ಮಾತ್ರ ಇತ್ತು, ಆಮೇಲೆ ಗೂಗಲ್ ಹಾಕಿದ್ವಿ, ಹೋದ ತಿಂಗಳು ಮೊಬೈಲ್ ಓಟಿಪಿನೂ ಸೇರಿಸಿದ್ವಿ ಯಾಕಂದ್ರೆ ಸುಮಾರು ಜನಕ್ಕೆ ಪಾಸ್‌ವರ್ಡ್ ನೆನಪೇ ಇರಲ್ಲ. ಈಗ ಏನಾಗ್ತಿದೆ ಅಂದ್ರೆ ಗೂಗಲ್‌ನಲ್ಲಿ ಬಂದು 499 ಕಟ್ಟಿ ಟೆಸ್ಟ್ ಸೀರೀಸ್ ತಗೊಂಡೋರು ಮಾರನೇ ದಿನ ಓಟಿಪಿಲಿ ಬಂದ್ರೆ ಹೊಸ ಅಕೌಂಟ್ ಓಪನ್ ಆಗುತ್ತೆ, ಒಳಗೆ ಏನೂ ಇರಲ್ಲ, ದುಡ್ಡು ಹೋಯ್ತು ಅಂತ ಗಾಬರಿಯಾಗಿ ಫೋನ್ ಮಾಡ್ತಾರೆ. ಡೇಟಾಬೇಸ್‌ನಲ್ಲಿ ಯೂಸರ್‌ಗಳ ವಿವರ ಇಡೋ ಯೂಸರ್ ಟೇಬಲ್‌ನಲ್ಲೇ ಗೂಗಲ್ ಇಮೇಲ್, ಫೋನ್ ಅಂತ ಕಾಲಮ್ ಸೇರಿಸ್ತಾ ಬಂದಿದೀವಿ. ಇಮೇಲ್ ಒಂದೇ ಇದ್ರೆ ಎರಡು ಅಕೌಂಟನ್ನೂ ತಾನಾಗೇ ಮರ್ಜ್ ಮಾಡಿ ಒಂದೇ ಮಾಡಿಬಿಡೋಣ ಅಂತಾನೆ ಫ್ರೆಂಡ್. ಸರೀನಾ ಮೇಡಂ?

ಉತ್ತರ: ಕಣ್ಣು ಮುಚ್ಕೊಂಡು ಮರ್ಜ್ ಮಾಡ್ಬೇಡಿ, ದಯವಿಟ್ಟು. ಮೊದಲು ಟೇಬಲ್ ಸರಿ ಮಾಡ್ಕೊಳ್ಳಿ. ಮನುಷ್ಯ ಒಂದು, ಅವನು ಒಳಗೆ ಬರೋ ದಾರಿ ಇನ್ನೊಂದು, ಎರಡನ್ನೂ ಒಂದೇ ಸಾಲಲ್ಲಿ ತುಂಬಿದ್ದೇ ನಿಮ್ಮ ತೊಂದರೆಗೆ ಮೂಲ. ಯೂಸರ್ ಟೇಬಲ್‌ನಲ್ಲಿ ಹೆಸರು, ಅವನು ಕೊಂಡಿದ್ದು, ಬರೆದ ಟೆಸ್ಟ್ ಇಷ್ಟಕ್ಕೆ ಸಂಬಂಧ ಇರಲಿ. ಲಾಗಿನ್‌ಗೆ ಬೇರೆ ಟೇಬಲ್: ಯಾವ ಯೂಸರ್, ಯಾವ ಪ್ರೊವೈಡರ್ (ಅಂದ್ರೆ ಗೂಗಲ್, ಓಟಿಪಿ ಥರ ಒಳಗೆ ಬರೋ ದಾರಿ), ಆ ಪ್ರೊವೈಡರ್ ಕೊಟ್ಟ ಐಡಿ. ಪ್ರೊವೈಡರ್ ಮತ್ತು ಐಡಿ ಸೇರಿ ಯೂನಿಕ್, ಅಂದ್ರೆ ಅದೇ ಜೋಡಿ ಎರಡನೇ ಸಲ ಬರಬಾರದು. ಜಾಂಗೋ ಆಲ್‌ಆತ್ ಅಂತ ಲಾಗಿನ್‌ಗೇ ಇರೋ ಪ್ಯಾಕೇಜ್ ಹಾಕಿದ್ರೆ ಈ ಟೇಬಲ್ ರೆಡಿಯಾಗೇ ಸಿಗುತ್ತೆ.

ಲಾಗಿನ್ ಆದಾಗ ಗೂಗಲ್ ಕಳಿಸೋ ಗುರುತಿನ ಚೀಟಿ, ಅಂದ್ರೆ ಐಡಿ ಟೋಕನ್‌ನಲ್ಲಿ, 'ಸಬ್' ಅಂತ ಆ ಗೂಗಲ್ ಅಕೌಂಟಿನ ಐಡಿ ಇರೋ ಒಂದು ಫೀಲ್ಡ್ ಬರುತ್ತಲ್ಲ, ಅದನ್ನ ಇಟ್ಕೊಳ್ಳಿ, ಇಮೇಲ್ ಅಲ್ಲ. ಸಬ್ ಬದಲಾಗಲ್ಲ, ಇನ್ನೊಬ್ರಿಗೆ ಹೋಗಲ್ಲ. ಇಮೇಲ್ ಹೋಗುತ್ತೆ. ನಾನು ಹಿಂದೆ ಕೆಲಸ ಮಾಡ್ತಿದ್ದ ಒಂದು ಕಡೆ ಯಾರು ಅಂತ ಗುರುತಿಸೋಕೆ ಇಮೇಲನ್ನೇ ಕೀ ಮಾಡಿದ್ವಿ, ಒಂದು ಕಸ್ಟಮರ್ ಆಫೀಸಲ್ಲಿ ಒಬ್ರು ಕೆಲಸ ಬಿಟ್ರು, ಅದೇ ಇಮೇಲ್ ಹೊಸದಾಗಿ ಸೇರಿದೋರಿಗೆ ಕೊಟ್ರು, ಆಯಮ್ಮ ಲಾಗಿನ್ ಆದ್ರೆ ಹಳಬರ ಫೈಲೆಲ್ಲ ಕಣ್ಮುಂದೆ. ಅವರೇ ಫೋನ್ ಮಾಡಿ ಹೇಳೋವರೆಗೂ ನಮಗೆ ಗೊತ್ತೇ ಇರಲಿಲ್ಲ.

ಇನ್ನು ತಾನಾಗೇ ಮರ್ಜ್ ಮಾಡಿದ್ರೆ ಏನಾಗುತ್ತೆ ನೋಡಿ. ನಾನು ನಿಮ್ಮ ಇಮೇಲ್ ಹಾಕಿ, ನನ್ನ ಪಾಸ್‌ವರ್ಡ್ ಕೊಟ್ಟು ಮೊದಲೇ ಒಂದು ಅಕೌಂಟ್ ಮಾಡಿಟ್ಟೆ ಅಂದ್ಕೊಳ್ಳಿ, ಆ ಇಮೇಲ್ ನನ್ನದೇ ಅಂತ ವೆರಿಫೈ ಮಾಡ್ಲಿಲ್ಲ. ಆರು ತಿಂಗಳಾದ್ಮೇಲೆ ನೀವು ಗೂಗಲ್‌ನಲ್ಲಿ ಬಂದ್ರಿ, ಇಮೇಲ್ ಒಂದೇ ಅಂತ ಸಿಸ್ಟಮ್ ಸೇರಿಸ್ತು. ನೀವು ದುಡ್ಡು ಕಟ್ಟಿ ಕೊಂಡಿದ್ದೆಲ್ಲ ನನ್ನ ಪಾಸ್‌ವರ್ಡ್‌ಗೂ ತೆಗೆಯುತ್ತೆ. ಅದಕ್ಕೇ "ಈ ಇಮೇಲ್‌ನಲ್ಲಿ ಆಗಲೇ ಅಕೌಂಟ್ ಇದೆ, ಮೊದಲಿನ ಥರಾನೇ ಒಳಗೆ ಬಂದು ಗೂಗಲ್ ಸೇರಿಸ್ಕೊಳ್ಳಿ" ಅಂತ ಕೇಳಿ. ಹಳೇ ಅಕೌಂಟ್ ವೆರಿಫೈ ಆಗಿಲ್ಲ ಅಂದ್ರೆ ಅದರ ಪಾಸ್‌ವರ್ಡ್ ನಂಬಲೇಬೇಡಿ.

ಆದ್ರೆ ಇದ್ಯಾವುದೂ ನಿಮ್ಮ 499ರ ಗೋಳನ್ನ ತಪ್ಪಿಸಲ್ಲ, ಯಾಕಂದ್ರೆ ಮಾಮೂಲಿ ಗೂಗಲ್ ಲಾಗಿನ್‌ನಲ್ಲಿ ಫೋನ್ ನಂಬರ್ ಬರೋದೇ ಇಲ್ಲ, ಹೊಂದಿಸೋಕೆ ಏನೂ ಇಲ್ಲ. ಪೇಮೆಂಟ್ ಪೇಜ್‌ಗೆ ಮುಂಚೆ ಒಂದ್ಸಲ ಮೊಬೈಲ್ ನಂಬರ್ ಕೇಳಿ, ಓಟಿಪಿ ಕಳ್ಸಿ, ಅದೇ ಯೂಸರ್‌ಗೆ ಎರಡನೇ ದಾರಿಯಾಗಿ ಸೇರಿಸಿ. ಓಟಿಪಿಗೆ ಐದು ಸಲ ತಪ್ಪಿದ್ರೆ ಆ ಕೋಡ್ ರದ್ದು ಅಂತ ಮಿತಿ ಇಡಿ, 6 ಅಂಕಿ ಅಂದ್ರೆ ಬರೀ 10 ಲಕ್ಷ ಸಾಧ್ಯತೆ, ಮಿತಿ ಇಲ್ದಿದ್ರೆ ಸ್ಕ್ರಿಪ್ಟ್ ಹಾಕಿ ಹುಡುಕ್ತಾರೆ.

ಇನ್ನೊಬ್ಬರ ಪ್ರಶ್ನೆ: ಮೇಡಂ, ನಂಬರ್ ಬಿಟ್ಟೋರ ಕಥೆ ಏನು? ನನ್ನ ಹಳೇ ನಂಬರ್ ಈಗ ಬೇರೆಯವರ ಹತ್ರ ಇದೆ.

ಉತ್ತರ: ಒಳ್ಳೇ ಪ್ರಶ್ನೆ. ನಮ್ಮ ದೇಶದಲ್ಲಿ ಬಂದ್ ಆದ ನಂಬರ್ 90 ದಿನ ಆದ್ಮೇಲೆ ಬೇರೆಯವರಿಗೆ ಹೋಗಬಹುದು, ಟೆಲಿಕಾಂ ನಿಯಂತ್ರಕ ಸಂಸ್ಥೆ ಟ್ರಾಯ್ ಇದನ್ನ 2023ರಲ್ಲಿ ಸುಪ್ರೀಂ ಕೋರ್ಟ್‌ಗೂ ಹೇಳಿದೆ. ಅದಕ್ಕೇ ಮೂರು ತಿಂಗಳಿಂದ ಬರದೇ ಇದ್ದ ನಂಬರ್ ಬಂದ್ರೆ ಓಟಿಪಿ ಒಂದನ್ನೇ ನಂಬಬೇಡಿ, ಇಮೇಲ್‌ಗೂ ಒಂದು ಕೋಡ್ ಕಳ್ಸಿ. ಸೆಟ್ಟಿಂಗ್ಸ್‌ನಲ್ಲಿ ಹಳೇ ನಂಬರ್ ತೆಗೆಯೋ ಬಟನ್ ಇರಲಿ, ಆದ್ರೆ ಇರೋದು ಅದೊಂದೇ ದಾರಿ ಆಗಿದ್ರೆ ತೆಗೆಯೋಕೆ ಬಿಡಬೇಡಿ, ಪಾಪ ಅವರೇ ಹೊರಗೆ ಉಳಿದುಬಿಡ್ತಾರೆ.

ಪ್ರಶ್ನೆ ಕೇಳಿದವರು: ಅರ್ಥ ಆಯ್ತು ಮೇಡಂ, ತುಂಬಾ ಥ್ಯಾಂಕ್ಸ್. ಈಗಾಗಲೇ ಎರಡೆರಡು ಆಗಿರೋದನ್ನ ಹೇಗೆ ಸೇರಿಸೋದು? ಒಂದನ್ನ ಡಿಲೀಟ್ ಮಾಡ್ಲಾ?

ಉತ್ತರ: ಡಿಲೀಟ್ ಬೇಡ. ಒಂದರಲ್ಲಿ ಲಾಗಿನ್ ಆಗಿದ್ದಾಗಲೇ ಇನ್ನೊಂದರ ಓಟಿಪಿನೋ ಪಾಸ್‌ವರ್ಡೋ ಕೇಳಿ, ಎರಡೂ ಅವರದೇ ಅಂತ ಗೊತ್ತಾದ್ಮೇಲೆ ಖರೀದಿ, ಟೆಸ್ಟ್ ಮಾರ್ಕ್ಸ್, ಲಾಗಿನ್ ಸಾಲುಗಳು ಎಲ್ಲ ಒಂದೇ ಡೇಟಾಬೇಸ್ ಟ್ರಾನ್ಸಾಕ್ಷನ್‌ನಲ್ಲಿ (ಒಟ್ಟಿಗೇ ಆಗೋ ಒಂದೇ ಕೆಲಸವಾಗಿ) ಈ ಕಡೆ ತನ್ನಿ, ಅರ್ಧಕ್ಕೆ ನಿಂತ್ರೆ ಪೂರ್ತಿ ವಾಪಸ್ ಹೋಗ್ಬೇಕು. ಹಳೇ ಯೂಸರ್ ಸಾಲಿನಲ್ಲಿ "ಇಂಥ ಐಡಿಗೆ ಸೇರಿದೆ" ಅಂತ ಬರೆದಿಟ್ಟು ನಿಷ್ಕ್ರಿಯ ಮಾಡಿ, ಅದರ ಸೆಷನ್, ಅಂದ್ರೆ ತೆರೆದೇ ಇರೋ ಲಾಗಿನ್, ಎಲ್ಲ ಮುಗಿಸಿ. ಮೊದಲು ಡೇಟಾಬೇಸ್ ಬ್ಯಾಕಪ್ ತಗೊಳ್ಳಿ, ಫೋನ್ ಮಾಡಿದ್ರಲ್ಲ ಅವರಿಂದಲೇ ಶುರು ಮಾಡಿ.