ಡಬಲ್ ಕ್ಲಿಕ್ ಮಾಡೋ ಮಾವನಿಗೆ ಪೈಥಾನ್ ಆಪ್ಷನ್ ಕೊಡೋದು ಹೇಗೆ?

ಮಾಟುಂಗಾ ಅಳಿಯ:
ಮುಂಬೈನ ಮಾಟುಂಗಾ ಈಸ್ಟ್‌ನಲ್ಲಿ ಮಾವನ ಹೋಟೆಲ್. ಸುತ್ತಲಿನ ಆಫೀಸುಗಳ ಖಾತೆ ಊಟದ ಲೆಕ್ಕವೆಲ್ಲ ಎಕ್ಸೆಲ್‌ನಲ್ಲಿದೆ. ತಿಂಗಳಿಗೊಮ್ಮೆ ಅದರಿಂದ ಬಿಲ್ ತೆಗೆಯೋಕೆ ಪೈಥಾನ್ ಸ್ಕ್ರಿಪ್ಟ್ ಬರೆದುಕೊಟ್ಟಿದ್ದೇನೆ. ತಿಂಗಳು, ತೆರಿಗೆ, ಫೋಲ್ಡರ್ ಎಲ್ಲ ಆರ್ಗ್‌ಪಾರ್ಸ್‌ನಿಂದ (ಕಮಾಂಡ್ ಜೊತೆ ಟೈಪ್ ಮಾಡಿದ ಆಪ್ಷನ್ ಓದೋ ಪೈಥಾನ್ ಮಾಡ್ಯೂಲ್) ತಗೊಳ್ತೀನಿ. ಆದರೆ ಗಲ್ಲಾದಲ್ಲಿ ಕೂರೋ ಮಾವನಿಗೆ ಗೊತ್ತಿರೋದು ಡಬಲ್ ಕ್ಲಿಕ್ ಒಂದೇ. ಕಪ್ಪು ಕಿಟಕಿ ಬಂದ ಹಾಗೇ ಮಾಯ. "ಎಂತ ಮಾರಾಯ, ನಿನ್ನ ಪ್ರೋಗ್ರಾಮು ಕಣ್ಣು ಹೊಡೀತದಲ್ಲ" ಅಂತಾರೆ. ಟೈಪ್ ಮಾಡಿಸೋದು ಬೇಡ, ಬೇರೆ ದಾರಿ ಇದೆಯಾ?

ಠಾಣೆ ರಾಯ:
ಆಪ್ಷನ್ನುಗಳಿಗೆ ರಿಕ್ವೈರ್ಡ್ (ಕೊಡಲೇಬೇಕು) ಅಂತ ಹಾಕಿರಬೇಕು. ಅದು ಸಿಗದೇ ಇದ್ದರೆ ಆರ್ಗ್‌ಪಾರ್ಸ್ ಎರರ್ ಬರೆದು ಅಲ್ಲೇ ನಿಲ್ಲಿಸಿಬಿಡುತ್ತೆ, ಓದೋಕೂ ಬಿಡಲ್ಲ. ಎಕ್ಸೆಲ್ ಫೈಲನ್ನ ಸ್ಕ್ರಿಪ್ಟ್ ಐಕಾನ್ ಮೇಲೆ ಎಳೆದು ಬಿಡೋದು ಕಲಿಸಿ. ವಿಂಡೋಸ್ ಅದರ ಪಾತನ್ನ (ಫೈಲ್ ಎಲ್ಲಿದೆ ಅನ್ನೋ ವಿಳಾಸ) ಸಿಸ್ ಡಾಟ್ ಆರ್ಗ್‌ವಿಗೆ, ಅಂದರೆ ಸ್ಕ್ರಿಪ್ಟಿಗೆ ಬರೋ ಆಪ್ಷನ್ನುಗಳ ಪಟ್ಟಿಗೆ, ಹಾಕಿಕೊಡುತ್ತೆ.

ಡೊಂಬಿವಲಿ ಅಕ್ಕ:
ಎಳೆದು ಬಿಡೋದು ಫೈಲಿಗಾಯ್ತು, ತೆರಿಗೆಗೆ? ಸ್ಕ್ರಿಪ್ಟ್ ಪಕ್ಕದಲ್ಲೇ ಒಂದು ಐಎನ್‌ಐ ಫೈಲ್ (ಸೆಟ್ಟಿಂಗ್ ಬರೆದಿಡೋ ಸಾದಾ ಟೆಕ್ಸ್ಟ್ ಫೈಲ್) ಇಡಿ. ಹೆಸರುಗಳು ಕನ್ನಡದಲ್ಲೇ ಇರಲಿ, ನಡೆಯುತ್ತೆ:

[ಬಿಲ್]
ತೆರಿಗೆ = 5
ಫೋಲ್ಡರ್ = ಬಿಲ್ಲುಗಳು

ಕಾನ್ಫಿಗ್‌ಪಾರ್ಸರ್‌ನಿಂದ (ಐಎನ್‌ಐ ಓದೋ ಪೈಥಾನ್ ಮಾಡ್ಯೂಲ್) ಓದಿ, ಸಿಕ್ಕಿದ್ದನ್ನ ಆರ್ಗ್‌ಪಾರ್ಸ್‌ನ ಸೆಟ್‌ಡಿಫಾಲ್ಟ್ಸ್‌ಗೆ ಕೊಡಿ, ಟೈಪ್ ಮಾಡದಿದ್ದಾಗ ಅದೇ ಬೆಲೆ ತಗೊಳ್ಳುತ್ತೆ. ಎರಡೂ ಕಡೆ ಹೆಸರು ಒಂದೇ ಇರಬೇಕು. ರಿಕ್ವೈರ್ಡ್ ತೆಗೀರಿ, ಡಿಫಾಲ್ಟ್ ಇದ್ರೂ ಅದು ಒಪ್ಪಲ್ಲ. ಆಮೇಲೆ ಮಾವ ಡಬಲ್ ಕ್ಲಿಕ್ ಮಾಡಲಿ, ನೀವು ಟರ್ಮಿನಲ್ಲಲ್ಲಿ ಓಡಿಸಿ, ಕೋಡ್ ಅದೇ.

ಒಂದು ಗಮನ: ಮಾವ ಖಂಡಿತ "5%" ಅಂತ ಬರೀತಾರೆ. ಕಾನ್ಫಿಗ್‌ಪಾರ್ಸರ್‌ಗೆ ಶೇಕಡಾ ಚಿಹ್ನೆಗೆ ಬೇರೆಯೇ ಅರ್ಥ, ಓದುವಾಗ ಎರರ್ ಎಸೆಯುತ್ತೆ. ಇಂಟರ್‌ಪೊಲೇಷನ್ (ಆ ಚಿಹ್ನೆ ಇದ್ದಲ್ಲಿ ಬೇರೆ ಬೆಲೆ ತಂದು ತುಂಬೋ ಸೌಲಭ್ಯ) 'ನನ್' (None) ಮಾಡಿ, ಚಿಹ್ನೆಯನ್ನ ನೀವೇ ತೆಗೆದುಹಾಕಿ. ಫೈಲೇ ಇಲ್ಲದಿದ್ರೆ ಮಾತ್ರ ಕಾನ್ಫಿಗ್‌ಪಾರ್ಸರ್ ತುಟಿಪಿಟಕ್ಕೆನ್ನಲ್ಲ. ಅದರ ರೀಡ್ ಫಂಕ್ಷನ್ ವಾಪಸ್ ಕೊಡೋ ಲಿಸ್ಟ್ ಖಾಲಿ ಇದೆಯಾ ನೋಡಿ. ನೋಟ್‌ಪ್ಯಾಡಲ್ಲಿ ಸೇವ್ ಮಾಡಿದ್ದಾದ್ರೆ ಎನ್‌ಕೋಡಿಂಗ್ 'ಯುಟಿಎಫ್-8-ಸಿಗ್' ಕೊಡಿ, ಫೈಲ್ ಶುರುವಲ್ಲಿ ಕಾಣದ ಗುರುತು ಸೇರಿದ್ರೂ ಅದನ್ನ ಬಿಟ್ಟು ಓದುತ್ತೆ.

ಇನ್ನು ತಿಂಗಳು ಯಾಕೆ ಆಪ್ಷನ್? ಬಿಲ್ ಯಾವಾಗಲೂ ಹೋದ ತಿಂಗಳದ್ದೇ ತಾನೆ? ಪ್ರೋಗ್ರಾಮೇ ಲೆಕ್ಕ ಹಾಕಲಿ. ಹಳೇ ಬಿಲ್ ಬೇಕಾದಾಗ ನೀವು ಟರ್ಮಿನಲ್ಲಿಂದ ಕೊಟ್ಟರಾಯ್ತು. ಕೇಳದೆ ಆಗೋ ಕೆಲಸಕ್ಕೆ ಮನುಷ್ಯರನ್ನ ಕೇಳೋ ಪ್ರೋಗ್ರಾಮು ಕಂಡ್ರೆ ನನಗೆ ಸಿಟ್ಟು.

ಮಾಟುಂಗಾ ಅಳಿಯ:
ಅಕ್ಕ, ಶೇಕಡಾ ಎರರ್ ಈಗಷ್ಟೇ ನೋಡಿದೆ! ಸರಿಹೋಯ್ತು. ಹೋದ ತಿಂಗಳಿಗೆ ಇವತ್ತಿನ ತಿಂಗಳಲ್ಲಿ ಒಂದು ಕಳೆದರೆ ಸಾಕಲ್ವಾ?

ಡೊಂಬಿವಲಿ ಅಕ್ಕ:
ಜನವರಿಯಲ್ಲಿ ಸೊನ್ನೆ ಬರುತ್ತೆ ಮಾರಾಯ್ರೇ. ಈ ತಿಂಗಳ 1ನೇ ತಾರೀಖು ತಗೊಂಡು ಟೈಮ್‌ಡೆಲ್ಟಾ (ಪೈಥಾನ್‌ನಲ್ಲಿ ದಿನಗಳ ಅಂತರ) ಬಳಸಿ ಅದರಲ್ಲಿ ಒಂದು ದಿನ ಕಳೀರಿ, ವರ್ಷವೂ ಅದರಲ್ಲೇ ಸರಿಯಾಗಿ ಬರುತ್ತೆ.