ಸೋರುತ್ತಿರುವ ಗಾಜಿನ ಸಂಪ್: ದುರಸ್ತಿ ಮಾಡುವುದು ಹೇಗೆ?

ಪ್ರಶ್ನೆ (ಡೊಂಬಿವಲಿಯಿಂದ):
ನಮ್ಮ ಮನೆಯ 300 ಲೀಟರ್ ಉಪ್ಪುನೀರಿನ ಅಕ್ವೇರಿಯಂನ ಕೆಳಗಿರುವ ಗಾಜಿನ ಸಂಪ್‌ನ (ನೀರು ಸೋಸುವ ಸಾಧನಗಳಿರುವ ತೊಟ್ಟಿಯ) ಮೂಲೆಯೊಂದರಲ್ಲಿ ವಾರದಿಂದ ನೀರು ಜಿನುಗುತ್ತಿದ್ದು, ಪ್ಲೈವುಡ್ ಸ್ಟ್ಯಾಂಡ್ ಉಬ್ಬತೊಡಗಿದೆ. ಹೊರಗಿನಿಂದ ಸಿಲಿಕೋನ್ ಹಚ್ಚಿದರೂ ನಿಲ್ಲಲಿಲ್ಲ. ಉಪ್ಪಿನಂಶವನ್ನು ತೋರಿಸುವ ನೀರಿನ ಸಾಪೇಕ್ಷ ಸಾಂದ್ರತೆ 1.025ರಿಂದ 1.022ಕ್ಕೆ ಇಳಿದಿದೆ. ಹವಳಗಳ ಬಗ್ಗೆ ಬಹಳ ಆತಂಕವಾಗಿದೆ.

ಉತ್ತರ (ಠಾಣೆಯಿಂದ):
ಮೊದಲು ಆಟೋ ಟಾಪ್-ಆಫ್ (ಕಡಿಮೆಯಾದ ನೀರನ್ನು ತಾನಾಗಿಯೇ ತುಂಬುವ ಸಾಧನ) ನಿಲ್ಲಿಸಿ. ನೀರು ಆವಿಯಾದಾಗ ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ, ಆದರೆ ಸೋರಿದಾಗ ಉಪ್ಪೂ ಹೊರಹೋಗುತ್ತದೆ; ಆ ನಷ್ಟವನ್ನು ಉಪ್ಪಿಲ್ಲದ ಆರ್‌ಓ ನೀರಿನಿಂದ ತುಂಬುತ್ತಾ ಹೋದದ್ದರಿಂದಲೇ ಸಾಂದ್ರತೆ ಇಳಿದಿದೆ. ಸೋರಿದಷ್ಟನ್ನು ಉಪ್ಪು ಬೆರೆಸಿದ ನೀರಿನಿಂದಲೇ ತುಂಬಿ, ಸಾಂದ್ರತೆಯನ್ನು ಕೆಲವು ದಿನಗಳಲ್ಲಿ ನಿಧಾನವಾಗಿ ಏರಿಸಿ. ಸ್ಟ್ಯಾಂಡ್‌ನೊಳಗಿನ ಪ್ಲಗ್‌ಗಳನ್ನು ಇಂದೇ ಎತ್ತರಕ್ಕೆ ಸರಿಸಿ.

ಉತ್ತರ (ಪುಣೆಯಿಂದ):
ಹೊರಗಿನ ಲೇಪನ ನಿಲ್ಲುವುದಿಲ್ಲ, ಏಕೆಂದರೆ ನೀರಿನ ಒತ್ತಡವೇ ಅದನ್ನು ಗಾಜಿನಿಂದ ದೂಡುತ್ತದೆ. ಹೊಸ ಸಿಲಿಕೋನ್ ಹಳೆಯದಕ್ಕೆ ಸರಿಯಾಗಿ ಅಂಟದ ಕಾರಣ, ಸಂಪ್ ಖಾಲಿ ಮಾಡಿ ಒಳಗಿನ ಹಳೆಯ ಪದರವನ್ನು ಬ್ಲೇಡಿನಿಂದ ಪೂರ್ತಿ ಕೆರೆದು, ಉಪ್ಪನ್ನು ಸಿಹಿನೀರಿನಲ್ಲಿ ತೊಳೆದು, ಒಣಗಿದ ಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಬೂಷ್ಟುನಾಶಕ ಬೆರೆಸದ ಶುದ್ಧ ಸಿಲಿಕೋನ್ ಹಚ್ಚಬೇಕು. ಮುಂಬೈ ಕಡೆಯ ತೇವದ ಗಾಳಿಗೆ ಹೆದರಬೇಡಿ. ಈ ಸಿಲಿಕೋನ್ ಗಟ್ಟಿಯಾಗುವುದೇ ತೇವಾಂಶದಿಂದ. ಗಾಜಿನ ಮೇಲೆ ಮಾತ್ರ ಹನಿಯೂ ಇರಬಾರದು. ಕನಿಷ್ಠ 48 ಗಂಟೆ ಬಿಟ್ಟು, ಸಿಹಿನೀರು ತುಂಬಿ ಒಂದು ದಿನ ಪರೀಕ್ಷಿಸಿ.

ಉತ್ತರ (ಮಡಗಾಂವ್‌ನಿಂದ):
ಅಷ್ಟು ದಿನ ಮೇಲಿನ ತೊಟ್ಟಿಯಲ್ಲಿ ವೇವ್‌ಮೇಕರ್ (ನೀರನ್ನು ಚಲಿಸುವಂತೆ ಮಾಡುವ ಪಂಪ್) ನಡೆಯುತ್ತಿರಲಿ. ಜೀವಂತ ಕಲ್ಲುಗಳು (ಉಪಯುಕ್ತ ಬ್ಯಾಕ್ಟೀರಿಯಾ ನೆಲೆಸಿರುವ ಕಲ್ಲುಗಳು) ಅಲ್ಲಿಯೇ ಇದ್ದರೆ ಅಮೋನಿಯಾದ ಹೊರೆಯನ್ನು ಅವು ಬಹುಮಟ್ಟಿಗೆ ನಿಭಾಯಿಸುತ್ತವೆ. ಮೀನುಗಳಿಗೆ ಆಹಾರ ಕಡಿಮೆ ಮಾಡಿ.